ಬಾಡಿದ ಹೈಡ್ರೇಂಜಿಯಾಗೆ ಮೊದಲ ಆರೈಕೆ



ಕೊಡಗು, ಊಟಿಯ ತಂಪಿನಲ್ಲಿ ಸೊಂಪಾಗಿ ಅರಳುವ ಹೈಡ್ರೇಂಜಿಯಾವನ್ನು ಆಸೆಪಟ್ಟು ಪುಣೆಯ ಬಾಲ್ಕನಿಗೆ ತರುತ್ತೇವೆ. ನೆಟ್ಟ ನಾಲ್ಕೇ ದಿನಕ್ಕೆ ಎಲೆಗಳು ಜೋತು ಬೀಳುತ್ತವೆ. ಗಾಬರಿಯಿಂದ ದಿನಕ್ಕೆ ಮೂರು ಸಲ ನೀರು ಸುರಿಯುತ್ತೇವೆ. ಬೇರು ಕೊಳೆಯುವುದು ಹೀಗೆಯೇ.

ಮೊದಲು ಗಮನಿಸಿ. ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಂಡರೆ ಚಿಂತೆಯಿಲ್ಲ. ಅಗಲವಾದ ಎಲೆಗಳು ಬಿಸಿಲಿಗೆ ಕಳೆದುಕೊಳ್ಳುವಷ್ಟು ನೀರನ್ನು ಹೊಸ ಬೇರು ಒದಗಿಸಲಾರದು, ಅಷ್ಟೇ. ಬೆಳಿಗ್ಗೆಯೂ ಬಾಡಿದ್ದರೆ ಬುಡದ ಹತ್ತಿರ 2 ಅಂಗುಲ ಬೆರಳಿಳಿಸಿ ನೋಡಿ. ಸುತ್ತಲಿನ ಹೊಸ ಮಣ್ಣು ಒದ್ದೆಯಿದ್ದರೂ ನರ್ಸರಿಯಿಂದ ಬಂದ ಮಣ್ಣಿನ ಉಂಡೆ ಒಣಗಿರಬಹುದು. ಒಣಗಿದ್ದರೆ ಬುಡಕ್ಕೇ ನಿಧಾನವಾಗಿ, ಕುಂಡದ ತೂತಿನಿಂದ ಹೊರಬರುವಷ್ಟು ನೀರು ಕೊಡಿ. ಒದ್ದೆಯಿದ್ದರೆ ನಿಲ್ಲಿಸಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ.

ಬೆಳಗಿನ ಎಳೆಬಿಸಿಲು ಸಾಕು, ಮಧ್ಯಾಹ್ನ ನೆರಳು ಬೇಕು. ಮಣ್ಣಿನ ಮೇಲೆ ಒಣಗಿದ ಎಲೆ ಹಾಸಿ. ಹೊಸ ಚಿಗುರು ಬರುವ ತನಕ ಗೊಬ್ಬರ ಬೇಡ. ಬೋಳಾಯಿತೆಂದು ಕಡ್ಡಿ ಕತ್ತರಿಸಲೂ ಬೇಡಿ. ಚೆಂಡಿನಂತೆ ಹೂಬಿಡುವ ಬಗೆಯಲ್ಲಿ ಮುಂದಿನ ಮೊಗ್ಗು ಸಾಮಾನ್ಯವಾಗಿ ಹಳೆಯ ಕಡ್ಡಿಯಲ್ಲೇ ಮೂಡುತ್ತದೆ. ಉಗುರಿನಿಂದ ಕೆರೆದಾಗ ಒಳಗೆ ಹಸಿರು ಕಂಡರೆ ಜೀವವಿದೆ ಎಂದೇ ಅರ್ಥ.

ನೀಲಿಯೋ ಗುಲಾಬಿಯೋ ಎಂಬ ಮಾತು ಆಮೇಲೆ. ಮೊದಲ ವರ್ಷ ಬೇರೂರಲು ಬಿಡಿ.