ದೆವ್ವವಿಲ್ಲದ ಭಯ



ಸಾವು, ಸಂಸಾರ, ಭಯ ಮೂರೂ ಕೂಡಿದ ಸಿನಿಮಾ ಅಂದರೆ ತಿಳಿದವರು ಯುರೋಪಿನ ಕಡೆ ಕೈ ತೋರಿಸುತ್ತಾರೆ. 2009ರ ಕಾನ್ ಚಿತ್ರೋತ್ಸವದಲ್ಲಿ ಲಾರ್ಸ್ ವಾನ್ ಟ್ರಿಯರ್ ಅವರ 'ಆಂಟಿಕ್ರೈಸ್ಟ್' ದೊಡ್ಡ ಗದ್ದಲ ಎಬ್ಬಿಸಿತು. ಮಗು ಕಳೆದುಕೊಂಡ ಗಂಡ ಹೆಂಡತಿ ಕಾಡಿನ ಮನೆಯೊಳಗೆ ಒಬ್ಬರನ್ನೊಬ್ಬರು ಹಿಂಸಿಸುವ ಕಥೆ ಅದು. ಒಂದು ಮಂಡಳಿ ಛೀಮಾರಿಯ ಬಹುಮಾನ ಕೊಟ್ಟಿತು, ಇನ್ನೊಂದು ನಾಯಕಿ ಶಾರ್ಲೆಟ್ ಗೇನ್ಸ್‌ಬರ್ಗ್ ಅವರಿಗೆ ಶ್ರೇಷ್ಠ ನಟಿ ಪ್ರಶಸ್ತಿ ಕೊಟ್ಟಿತು.

ನಮ್ಮಲ್ಲಿ ಈ ಭಯ ಮೊದಲು ಹಾಡಿನಲ್ಲಿತ್ತು. ಚಡಚಣದ ಸಿಂಪಿ ಲಿಂಗಣ್ಣನವರು, ಹಲಸಂಗಿಯ ಮಧುರಚೆನ್ನರು ಮತ್ತು ಗೆಳೆಯರು ಬೀಸುವ ಕಲ್ಲಿನ ಹಾಡು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ತಂದರು. ಸಂಸಾರದ ಸುಖದ ಜೊತೆಗೆ ಕಣ್ಣೀರೂ ಅದರಲ್ಲುಂಟು. ಜನಪದ ಕಥನಗೀತೆ 'ಕೆರೆಗೆ ಹಾರ'ದ ಕಥೆ ನಿಮಗೆ ಗೊತ್ತೇ ಇದೆ. ನೀರು ಬರಲೆಂದು ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡುತ್ತಾರೆ, ದಂಡಿನಿಂದ ಮರಳಿದ ಗಂಡ ಅದೇ ಕೆರೆಗೆ ಹಾರುತ್ತಾನೆ. ಅದರಲ್ಲಿ ದೆವ್ವವಿಲ್ಲ. ಅತ್ತೆ ಮಾವ ಇದ್ದಾರೆ, ಊರು ಇದೆ.

1970ರ 'ಸಂಸ್ಕಾರ'ವನ್ನು ಯಾರೂ ಭಯದ ಚಿತ್ರ ಅನ್ನುವುದಿಲ್ಲ. ನಾನು ಅನ್ನುತ್ತೇನೆ. ಅಗ್ರಹಾರದಲ್ಲಿ ಆಚಾರ ಬಿಟ್ಟ ನಾರಣಪ್ಪನ ಹೆಣ ನಾರುತ್ತಿದೆ, ಅಂತ್ಯಕ್ರಿಯೆ ಮಾಡುವವರಿಲ್ಲ, ಪ್ಲೇಗು ಹಬ್ಬುತ್ತಿದೆ, ಉಪವಾಸ ಕೂತವರು ಧರ್ಮಸೂಕ್ಷ್ಮ ಚರ್ಚಿಸುತ್ತಿದ್ದಾರೆ. ಕಾಯಿಲೆಯ ಹೆಂಡತಿಯ ಸೇವೆಯನ್ನೇ ತಪಸ್ಸು ಮಾಡಿಕೊಂಡ ಪ್ರಾಣೇಶಾಚಾರ್ಯರು ಒಂದು ರಾತ್ರಿ ನಾರಣಪ್ಪನ ಜೊತೆಗಾತಿ ಚಂದ್ರಿಯ ತೋಳಿಗೆ ಬೀಳುತ್ತಾರೆ. ಆಮೇಲೆ ಹೆಂಡತಿಯೂ ಸಾಯುತ್ತಾಳೆ. ಅವಳ ಹೆಸರೂ ಭಾಗೀರಥಿ, ನೋಡಿ! ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಆಚಾರ್ಯರಾಗಿ ಗಿರೀಶ ಕಾರ್ನಾಡರು. ಮದ್ರಾಸಿನ ಸೆನ್ಸಾರ್ ಮಂಡಳಿ ತಡೆಯಿತು. ತಡೆ ತೆಗೆದ ಮೇಲೆ ಅದೇ ಚಿತ್ರಕ್ಕೆ ರಾಷ್ಟ್ರದ ಶ್ರೇಷ್ಠ ಚಿತ್ರ ಪ್ರಶಸ್ತಿ ಬಂತು, ಕನ್ನಡಕ್ಕೆ ಮೊದಲ ಸಲ.

ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ನಿರ್ದೇಶಕರ ಹೆಂಡತಿ. ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿ ಅಸ್ತಮಾದಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಅದೇ ವರ್ಷದ 'ಘಟಶ್ರಾದ್ಧ'ದಲ್ಲಿ ಗಿರೀಶ ಕಾಸರವಳ್ಳಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಸುರಾದ ವಿಧವೆ ಯಮುನೆಗೆ, ಆಕೆ ಬದುಕಿರುವಾಗಲೇ, ತಂದೆಯೇ ಶ್ರಾದ್ಧ ಮಾಡುತ್ತಾನೆ. ಕತ್ತಲು, ಹಾವಿನ ಹೆದರಿಕೆ ಎಲ್ಲವೂ ಹುಡುಗ ನಾಣಿಯ ಕಣ್ಣಿಗೆ ಬೀಳುತ್ತವೆ. ಆದರೆ ಅವನನ್ನು ನಿಜಕ್ಕೂ ನಡುಗಿಸುವುದು ಹಗಲಲ್ಲಿ ಮಂತ್ರ ಹೇಳುವ ದೊಡ್ಡವರು. 2024ರಲ್ಲಿ ಇದರ ಹೊಸದಾಗಿ ಸರಿಪಡಿಸಿದ ಪ್ರತಿಯನ್ನು ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು.