ಸ್ತ್ರೀಯರೂ ರಾಜಕೀಯವೂ: ಕಮಲಾದೇವಿಯವರ ಬಾಳು

ಚುನಾವಣೆಯ ದಿನ ನಿಮ್ಮ ಮನೆಯ ಹೆಂಗಸರು ಅಡಿಗೆ ಕೆಲಸ ಮುಗಿಸಿ ಮತಗಟ್ಟೆಗೆ ಹೋಗಿ, ಬೆರಳಿನ ಶಾಯಿ ತೋರಿಸುತ್ತ ಹಿಂದಿರುಗುತ್ತಾರೆ. ಅದು ಈಗ ಯಾರಿಗೂ ಸೋಜಿಗವೆನಿಸದು. ಆದರೆ ಈ ಹಕ್ಕು ತಾನಾಗಿ ಬಂದದ್ದಲ್ಲ. ಅದಕ್ಕಾಗಿ ದುಡಿದವರಲ್ಲಿ ಒಬ್ಬರು, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು. ಅವರ ವಿಷಯವಾಗಿ ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಅವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು. ತಂದೆ ಅನಂತಯ್ಯ ಧಾರೇಶ್ವರರು ಸರ್ಕಾರಿ ಅಧಿಕಾರಿಗಳು; ತಾಯಿ ಗಿರಿಜಾಬಾಯಿ. ತಂದೆ ಉಯಿಲು ಬರೆಯದೆ ತೀರಿಕೊಂಡಾಗ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಸೇರಿತು. ಅಂದಿನ ಕಾನೂನಿನಲ್ಲಿ ಹೆಂಡತಿಗಾಗಲಿ ಮಗಳಿಗಾಗಲಿ ಪಾಲಿರಲಿಲ್ಲ. ತಿಂಗಳು ತಿಂಗಳು ಜೀವನಾಂಶ ಕೊಡುತ್ತೇವೆಂದರೂ ಗಿರಿಜಾಬಾಯಿಯವರು ಒಲ್ಲೆನೆಂದರು. ಈ ಅನ್ಯಾಯವನ್ನು ಮಗಳು ಕಣ್ಣಾರೆ ಕಂಡಳು. ಎಳೆಯ ವಯಸ್ಸಿನಲ್ಲೇ ಮದುವೆ, ಬೇಗನೆ ವೈಧವ್ಯ. ಆದರೂ ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದು ನಡೆಯಿತು. ಮುಂದೆ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥರನ್ನು ವಿವಾಹವಾದರು.

ಮದರಾಸು ಪ್ರಾಂತದಲ್ಲಿ ಸ್ತ್ರೀಯರಿಗೆ ಮತದಾನದ ಹಕ್ಕು ಬಂದದ್ದು 1921ರಲ್ಲಿ. ಕೌನ್ಸಿಲಿಗೆ ಅಭ್ಯರ್ಥಿಯಾಗಿ ನಿಲ್ಲುವ ಹಕ್ಕು 1926ರಲ್ಲಿ. ಆ ವರ್ಷವೇ ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಯದಿಂದ ಕಮಲಾದೇವಿಯವರು ಮಂಗಳೂರಿನ ಕಡೆಯಿಂದ ನಿಂತರು. ಇಪ್ಪತ್ತಮೂರರ ಹರೆಯ, ಸಿದ್ಧತೆಗೆ ಕಾಲಾವಕಾಶ ತೀರ ಕಡಮೆ. ಅಲ್ಪ ಅಂತರದಿಂದ ಸೋತರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆಗ ಓಟು ಇದ್ದದ್ದು ಆಸ್ತಿಯುಳ್ಳವರಿಗೆ, ತೆರಿಗೆ ಕೊಡುವವರಿಗೆ. ಕಾನೂನು ಹೆಣ್ಣಿಗೆ ಆಸ್ತಿ ಕೊಡದು, ಆಸ್ತಿಯಿಲ್ಲದವಳಿಗೆ ಓಟಿಲ್ಲ, ಓಟಿಲ್ಲದವಳು ಕಾನೂನನ್ನು ತಿದ್ದುವುದೆಂತು? ಗಿರಿಜಾಬಾಯಿಯವರಂಥ ಎಷ್ಟೋ ತಾಯಂದಿರು ಈ ಗಾಣದಲ್ಲೇ ಸುತ್ತುತ್ತಿದ್ದರು. ಗಂಡು ಹೆಣ್ಣೆನ್ನದೆ, ಬಡವ ಬಲ್ಲಿದನೆನ್ನದೆ ವಯಸ್ಕರೆಲ್ಲರಿಗೂ ಮತ ಬೇಕೆಂದು ಮಹಿಳಾ ಸಂಘಗಳು 1931ರಲ್ಲಿ ಒಕ್ಕೊರಲಿನಿಂದ ಕೇಳಿದ್ದು ಇದಕ್ಕಾಗಿಯೇ.

1927ರಲ್ಲಿ ಹುಟ್ಟಿದ ಅಖಿಲ ಭಾರತ ಮಹಿಳಾ ಸಮ್ಮೇಳನದ ಸಂಘಟನಾ ಕಾರ್ಯದರ್ಶಿಯಾಗಿ ಕಮಲಾದೇವಿಯವರು ದುಡಿದರು. ಬಾಲ್ಯವಿವಾಹವನ್ನು ತಡೆಯುವ 1929ರ ಶಾರದಾ ಕಾಯಿದೆಗೆ ಆ ಸಂಸ್ಥೆಯ ಬೆಂಬಲ ದೊಡ್ಡದು.

1930ರಲ್ಲಿ ಗಾಂಧೀಜಿ ದಂಡಿಗೆ ಹೊರಟಾಗ ಅವರ ತಂಡದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಕಮಲಾದೇವಿಯವರು ದಾರಿಯಲ್ಲೇ ಅವರನ್ನು ಕಂಡು, ಉಪ್ಪಿನ ಸತ್ಯಾಗ್ರಹದಿಂದ ಸ್ತ್ರೀಯರನ್ನು ದೂರವಿಡಬಾರದೆಂದು ವಾದಿಸಿದರು. ಉಪ್ಪಿಲ್ಲದೆ ಅಡಿಗೆಯುಂಟೇ? ಹಾಗಿರುವಾಗ ಉಪ್ಪಿನ ಹೋರಾಟ ಹೆಂಗಸರದಲ್ಲವೆನ್ನುವುದು ಹೇಗೆ? ಗಾಂಧೀಜಿ ಒಪ್ಪಿದರು. ಮುಂಬಯಿಯ ಮೊದಲ ತಂಡದಲ್ಲಿ ಅವಂತಿಕಾಬಾಯಿ ಗೋಖಲೆಯವರೊಡನೆ ಕಮಲಾದೇವಿಯವರೂ ಇದ್ದರು. ಷೇರು ಪೇಟೆಗೇ ನುಗ್ಗಿ ಉಪ್ಪಿನ ಪೊಟ್ಟಣ ಮಾರಿದರು, ಸೆರೆಮನೆ ಕಂಡರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರಾದರು.

ಸ್ವಾತಂತ್ರ್ಯ ಬಂದ ಮೇಲೆ ಅವರು ಮಂತ್ರಿಪದವಿಯ ಹಾದಿ ಹಿಡಿಯಲಿಲ್ಲ. ನಿರಾಶ್ರಿತರ ಪುನರ್ವಸತಿ, ಸಹಕಾರ ಸಂಘ, ಕೈಕಸುಬುಗಳ ಏಳಿಗೆ ಇವುಗಳಿಗೆ ಬಾಳನ್ನು ಮುಡಿಪಿಟ್ಟರು. ಸ್ವಂತ ದುಡಿಮೆಯಿದ್ದ ಹೆಣ್ಣಿಗೇ ಸ್ವಂತ ಮಾತು ಎಂಬುದನ್ನು ಅವರು ತಾಯಿಯ ಬಾಳಿನಿಂದ ಕಲಿತಿರಬೇಕು. 1966ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. 1988ರ ಅಕ್ಟೋಬರ್ 29ರಂದು ನಿಧನರಾದರು.

ಅದಕ್ಕೆ ಒಂದು ವರ್ಷ ಮುಂಚೆ, 1987ರಲ್ಲಿ, ಕರ್ನಾಟಕದ ಪಂಚಾಯತಿ ಚುನಾವಣೆಗಳಲ್ಲಿ ನಾಲ್ಕರಲ್ಲೊಂದು ಪಾಲು ಸ್ಥಾನ ಸ್ತ್ರೀಯರಿಗೆ ಮೀಸಲಾಗಿತ್ತು. 1956ರ ಉತ್ತರಾಧಿಕಾರ ಕಾಯಿದೆ, 2005ರ ತಿದ್ದುಪಡಿಗಳಿಂದ ಆಸ್ತಿಯ ಹಕ್ಕೂ ಬಂದಿದೆ. ಆದರೆ ಕಾಗದದ ಮೇಲಿನ ಹಕ್ಕು ಮನೆಯೊಳಗೆ ಬರಬೇಕಷ್ಟೆ. ಮಗಳಿಗೆ ಪಾಲು ಕೊಡುವಾಗ ನಿಮ್ಮ ಮನೆಯಲ್ಲಿ ಯಾರ ಮುಖ ಸಣ್ಣದಾಗುತ್ತದೆ? ಓಟು ಯಾರಿಗೆಂದು ಹೆಂಡತಿಗೆ ಹೇಳಿಕೊಡುವವರು ಯಾರು? ಒಂದು ಗಳಿಗೆ ನೀವೇ ಯೋಚಿಸಿ ನೋಡಿ.