ಮೀನಿನ ಕಿರ್ದಿ ಬರೆಯುವವರು ಯಾರು?



ಹಾಜರಿ ಪುಸ್ತಕ ಮಾಲೀಕನ ಗುಮಾಸ್ತನ ಕೈಯಲ್ಲೇ ಇದ್ದರೆ ಏನಾಗುತ್ತದೆಂದು ಗಿರಣಿಯ ಬಂಧುಗಳಿಗೆ ನಾವು ಹೇಳಬೇಕಾಗಿಲ್ಲ. ಕಿರ್ದಿಯ ಬೆಲೆ ಅಂಗಡಿಯವರಿಗೂ ಗೊತ್ತು. ಸಮುದ್ರಕ್ಕೂ ಇದೇ ಮಾತು.

ಕೆನಡಾದ ನ್ಯೂಫೌಂಡ್‌ಲೆಂಡ್ ತೀರದ ಜನ ಶತಮಾನಗಳಿಂದ ಕಾಡ್ ಮೀನನ್ನು ನಂಬಿ ಬದುಕಿದವರು. 1968ರಲ್ಲಿ, ಹೆಚ್ಚಾಗಿ ಪರದೇಶದ ಹಡಗುಗಳು, ಅಲ್ಲಿಂದ ಸುಮಾರು 8 ಲಕ್ಷ ಟನ್ ಬಾಚಿದವು. 1977ರಲ್ಲಿ ಕೆನಡಾ 200 ಮೈಲಿ ಕಡಲನ್ನು ತನ್ನ ಹತೋಟಿಗೆ ತಂದಿತು. ಆಮೇಲೆ ಸ್ವದೇಶಿ ಕಂಪೆನಿಗಳ ಟ್ರಾಲರುಗಳು ಇಳಿದವು. ಬಾವುಟ ಬದಲಾಯಿತು, ಅಷ್ಟೆ!

ಲೆಕ್ಕ ಇಡಲಿಲ್ಲವೆಂದಲ್ಲ. ಆದರೆ ತಜ್ಞರು ಬಹಳವಾಗಿ ನೆಚ್ಚಿದ್ದು ಟ್ರಾಲರು ಗಂಟೆಗೆಷ್ಟು ಹಿಡಿಯಿತೆಂಬ ಅಂಕಿಯನ್ನು. ಉಳಿದ ಮೀನು ಎಲ್ಲಿ ಗುಂಪುಗೂಡಿತೋ ಅಲ್ಲಿಗೇ ಟ್ರಾಲರು ಹುಡುಕಿಕೊಂಡು ಹೋಗುತ್ತಿತ್ತು. ಕಡಲು ಬರಿದಾಗುತ್ತಿದ್ದರೂ ಅಂಕಿ ಇಳಿಯಲಿಲ್ಲ. ಮರಳಿ ನೀರಿಗೆಸೆದ ಸಣ್ಣ ಮೀನು ಪುಸ್ತಕಕ್ಕೆ ಸರಿಯಾಗಿ ಏರಲೂ ಇಲ್ಲ. ದಡದ ಚಿಕ್ಕ ದೋಣಿಯವರು ಮೀನು ಕಿರಿದಾಗುತ್ತಿದೆ, ಕಡಿಮೆಯಾಗುತ್ತಿದೆ ಎಂದು 1980ರ ದಶಕದಲ್ಲೇ ಕೂಗಿದರು. ಕೇಳಿದವರು ಕಡಿಮೆ.

1992ರ ಜುಲೈ 2ರಂದು ಸರ್ಕಾರ ಕಾಡ್ ಹಿಡಿಯುವುದನ್ನೇ ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯಿತು. ದೋಣಿಯವರದು ಮಾತ್ರವಲ್ಲ, ಮೀನು ಕಾರ್ಖಾನೆಯ ಕೂಲಿಗಳದೂ ಕೂಡ. 2 ವರ್ಷಕ್ಕೆಂದು ಹಾಕಿದ ತಡೆ ಪೂರ್ತಿ ತೆರವಾದದ್ದು 2024ರಲ್ಲಿ.

ನಮ್ಮ ಮಲ್ಪೆ, ಮಂಗಳೂರುಗಳಲ್ಲಿ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ದಡಕ್ಕೆ ಬಂದ ಮೀನನ್ನು ಮಾದರಿಯಾಗಿ ಎಣಿಸಿ ಅಂದಾಜು ಕಟ್ಟುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಯಾವ ಬಲೆ, ಎಷ್ಟು ಹೊತ್ತು, ಎಸೆದದ್ದೆಷ್ಟು ಎಂಬುದನ್ನು ದೋಣಿಯಲ್ಲೇ ಬರೆಯಬೇಕು. ಬರೆದುದರ ಒಂದು ಪ್ರತಿ ಮೀನುಗಾರರ ಸಹಕಾರ ಸಂಘದಲ್ಲಿಯೂ ಇರಬೇಕು. ನಾವು ಕೇಳುವುದು ಇಷ್ಟನ್ನೇ.